ಪ್ಲೇಟ್‌ಲೆಟ್ 2.1, 210, 2,10,000: ಲ್ಯಾಬ್ ಡೇಟಾದ ಯೂನಿಟ್‌ಗಳನ್ನು ಕೋಡ್‌ನಲ್ಲಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕೆಲವು ಲ್ಯಾಬ್‌ಗಳಿಂದ ಬಂದ ರಕ್ತ ಪರೀಕ್ಷೆಯ ಫೈಲ್‌ಗಳನ್ನು ಒಂದು ಅಧ್ಯಯನಕ್ಕಾಗಿ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆಸರು, ಫೋನ್ ನಂಬರ್ ಎಲ್ಲ ತೆಗೆದ ಫೈಲ್‌ಗಳು. ಮೊದಲ ದಿನವೇ ಪ್ಲೇಟ್‌ಲೆಟ್ ಕಾಲಂ ನೋಡಿ ತಲೆ ಕೆರೆದುಕೊಂಡೆ. ಒಂದು ಫೈಲ್‌ನಲ್ಲಿ 2.1 ಇದೆ. ಇನ್ನೊಂದರಲ್ಲಿ 210. ಮೂರನೆಯದರಲ್ಲಿ 2,10,000.

ಮೂರೂ ಒಂದೇ ಲೆಕ್ಕ. ಮೊದಲನೆಯದು ಲಕ್ಷದಲ್ಲಿ, ಎರಡನೆಯದು ಸಾವಿರದಲ್ಲಿ, ಮೂರನೆಯದು ಬಿಡಿ ಎಣಿಕೆಯಲ್ಲಿ. ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇದ್ದರೆ ನಾರ್ಮಲ್, ಹಾಗಾಗಿ ಮೂವರೂ ಆರಾಮಾಗಿದ್ದಾರೆ. ಆದರೆ ಕಂಪ್ಯೂಟರ್‌ಗೆ ಇದನ್ನು ಯಾರು ಹೇಳಬೇಕು? ಸುಮ್ನೆ ಸರಾಸರಿ ತೆಗಿ ಅಂದರೆ 70,070.7 ಎಂದು ಕೊಡುತ್ತದೆ. ಮೂರು ಜನ ಗಟ್ಟಿಮುಟ್ಟಾದವರನ್ನು ಸೇರಿಸಿ ಡೆಂಗಿ ವಾರ್ಡಿಗೆ ಕಳಿಸಿದ ಹಾಗೆ.

ಆ ಕೆಲಸದಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಪೈಥಾನ್ ಭಾಷೆ ಮತ್ತು ಕೋಷ್ಟಕಗಳನ್ನು ನಿಭಾಯಿಸುವ ಅದರ ಲೈಬ್ರರಿ ಪಾಂಡಾಸ್. ಆರ್ ಭಾಷೆ ಬಲ್ಲವರು ಅದರಲ್ಲೇ ಮಾಡಬಹುದು. ಕೋಡ್‌ನ ತರ್ಕವನ್ನು ಕನ್ನಡದಲ್ಲೇ ಬರೆದಿದ್ದೇನೆ, ಆಜ್ಞೆಗಳನ್ನು ನೀವು ನಿಮ್ಮ ಭಾಷೆಯಲ್ಲಿ ಟೈಪ್ ಮಾಡಿಕೊಳ್ಳಿ. (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರದಲ್ಲಿಯೇ ಇಡಬಹುದು. ಒಮ್ಮೆ ಮಾಡಿ ನೋಡಿ, ಖುಷಿಯಾಗುತ್ತದೆ.)

ಶುರುವಿನಲ್ಲೇ ಒಂದು ಮಾತು. ಒಂದೇ ಅಂಕಿಯನ್ನು ನೋಡಿ ಅದರ ಯೂನಿಟ್ ಊಹಿಸಬೇಡಿ. ಆ ಅಂಕಿ ಯಾವ ಲ್ಯಾಬಿನದು, ಯಾವ ತಿಂಗಳಿನದು, ಅದರ ಅಕ್ಕಪಕ್ಕದ ಅಂಕಿಗಳು ಹೇಗಿವೆ ಅಂತ ನೋಡಿ ತೀರ್ಮಾನಿಸಿ. ಕೆಳಗಿನ ಎಲ್ಲ ಹೆಜ್ಜೆಗಳೂ ಇದರ ಸುತ್ತಲೇ ಇವೆ.

ಹೆಜ್ಜೆ 1: ಎಲ್ಲವನ್ನೂ ಅಕ್ಷರವಾಗಿ ಓದಿಸಿ

ಫೈಲ್ ತೆರೆಯುವಾಗಲೇ ಅರ್ಧ ಅನಾಹುತ ಆಗಿರುತ್ತದೆ. ಪಾಂಡಾಸ್ ಆಗಲಿ ಎಕ್ಸೆಲ್ ಆಗಲಿ ನಿಮ್ಮನ್ನು ಕೇಳದೆ ಅಂಕಿಗಳನ್ನು ತಿದ್ದುತ್ತವೆ. ಎತ್ತರದ ಕಾಲಂ ತಗೊಳ್ಳಿ. ನಮ್ಮ ಕಡೆ ಎತ್ತರ ಕೇಳಿದರೆ ಯಾರೂ ಸೆಂಟಿಮೀಟರ್‌ನಲ್ಲಿ ಹೇಳುವುದಿಲ್ಲ. ‘ಐದು ಅಡಿ ಹತ್ತು ಇಂಚು’ ಅಂತಾರೆ, ಬರೆಯುವವರು 5.10 ಎಂದು ಬರೆದುಕೊಳ್ಳುತ್ತಾರೆ. ಅದನ್ನು ದಶಮಾಂಶ ಸಂಖ್ಯೆಯಾಗಿ ಓದಿಸಿದರೆ ಕೊನೆಯ ಸೊನ್ನೆ ಹಾರಿಹೋಗಿ 5.1 ಉಳಿಯುತ್ತದೆ. ಐದಡಿ ಹತ್ತಿಂಚಿನ ಮನುಷ್ಯ ಐದಡಿ ಒಂದಿಂಚಿಗೆ ಇಳಿದ!

ಇದು ಬರೀ ತಮಾಷೆಯಲ್ಲ. 5 ಅಡಿ 10 ಇಂಚು ಅಂದರೆ 177.8 ಸೆಂಮೀ. 5 ಅಡಿ 1 ಇಂಚು ಅಂದರೆ 154.94 ಸೆಂಮೀ. ತೂಕ 70 ಕೆಜಿ ಇದ್ದರೆ ಮೊದಲನೆಯದಕ್ಕೆ ಬಿಎಂಐ ಸುಮಾರು 22.1, ಎರಡನೆಯದಕ್ಕೆ 29.2. ತೆಳ್ಳಗಿದ್ದವನು ಒಂದು ಸೊನ್ನೆ ಹೋದದ್ದಕ್ಕೆ ದಪ್ಪಗಾದ. ಒಮ್ಮೆ ಹೋದ ಸೊನ್ನೆ ಮತ್ತೆ ಸಿಗುವುದಿಲ್ಲ, ಮೂಲ ಫೈಲಿಗೇ ಹೋಗಬೇಕು. ಅದನ್ನೂ ಯಾರಾದರೂ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರೆ ಮುಗಿಯಿತು, ಕಾಗದದ ರಿಜಿಸ್ಟರೇ ಗತಿ.

ಆದ್ದರಿಂದ ಓದಿಸುವಾಗ ಎಲ್ಲ ಕಾಲಂಗಳನ್ನೂ ಅಕ್ಷರ ಎಂದು ಘೋಷಿಸಿ. ಎತ್ತರವನ್ನು ಚುಕ್ಕಿಯಲ್ಲಿ ಒಡೆಯಿರಿ: ಚುಕ್ಕಿಯ ಮೊದಲು ಅಡಿ, ಆಮೇಲೆ ಇಂಚು. ಇಂಚಿನ ಭಾಗ 11ಕ್ಕಿಂತ ಜಾಸ್ತಿ ಬಂದರೆ (5.75 ಥರ) ಅದು ನಿಜವಾದ ದಶಮಾಂಶ ಇರಬಹುದು, ಬೇರೆ ಪಟ್ಟಿಗೆ ಹಾಕಿ. 5.5 ಅನ್ನುವುದು ಐದೂವರೆ ಅಡಿಯೋ, ಐದಡಿ ಐದಿಂಚೋ? ಅದೇ ಕೇಂದ್ರದ ಉಳಿದ ಸಾಲುಗಳಲ್ಲಿ 5.10, 5.11 ಬರುತ್ತಿವೆಯೇ ನೋಡಿ. ಬರುತ್ತಿದ್ದರೆ ಅಲ್ಲಿ ಬರೆಯುವವರ ಪದ್ಧತಿ ಅಡಿ-ಇಂಚು.

ಇನ್ನೊಂದು ಗುಟ್ಟು. ಸೋಡಿಯಂ ಪರೀಕ್ಷೆಗೆ ಕೆಲವು ಲ್ಯಾಬ್‌ಗಳು ಇಂಗ್ಲಿಷಿನ ‘ಎನ್‌ಎ’ ಎಂದು ಎರಡೂ ದೊಡ್ಡಕ್ಷರದಲ್ಲಿ ಬರೆಯುತ್ತವೆ. ಪಾಂಡಾಸ್ ಆ ಎರಡಕ್ಷರ ನೋಡಿದರೆ ‘ಮಾಹಿತಿ ಇಲ್ಲ’ ಎಂದುಕೊಂಡು ಖಾಲಿ ಮಾಡಿಬಿಡುತ್ತದೆ. ಇಡೀ ಫೈಲಿನ ಸೋಡಿಯಂ ಹೆಸರೇ ಮಾಯ. ಖಾಲಿ ಎಂದು ತಾನಾಗಿ ಗುರುತಿಸುವ ಆ ಅಭ್ಯಾಸವನ್ನು ಓದಿಸುವಾಗಲೇ ಬಂದ್ ಮಾಡಿ.

ಅಂಕಿ ಇರಬೇಕಾದ ಕಡೆ ‘0.01ಕ್ಕಿಂತ ಕಡಿಮೆ’ ಎಂಬ ಚಿಹ್ನೆ, ‘2.1 ಲಕ್ಷ’ ಎಂಬ ಮಾತು, ನಮ್ಮ ಪದ್ಧತಿಯ ಕಾಮಾಗಳು ಎಲ್ಲ ಇರುತ್ತವೆ. ಕಾಮಾ ತೆಗೆಯಿರಿ. ಚಿಹ್ನೆಗೂ ಮಾತಿಗೂ ಬೇರೆ ಬೇರೆ ಕಾಲಂ ಮಾಡಿ ಇಟ್ಟುಕೊಳ್ಳಿ, ಎಸೆಯಬೇಡಿ. ‘ಲಕ್ಷ’ ಎಂಬ ಮಾತೇ ಯೂನಿಟ್.

ಹೆಜ್ಜೆ 2: ಯೂನಿಟ್‌ನ ಕಾಗುಣಿತ ಎಣಿಸಿ

ಪರೀಕ್ಷೆಯ ಹೆಸರು, ಲ್ಯಾಬ್, ಯೂನಿಟ್ ಬರೆದ ರೀತಿ, ಈ ಮೂರರ ಪ್ರತಿ ಗುಂಪಿಗೆ ಎಷ್ಟು ಸಾಲು ಇವೆ ಎಂದು ಎಣಿಸಿ. ಕೋಡ್ ಒಂದೇ ಸಾಲು. ಬರುವ ಪಟ್ಟಿಯನ್ನು ಮಾತ್ರ ಚಹಾ ಕುಡಿಯುತ್ತ ನಿಧಾನವಾಗಿ ಓದಿ.

ಹಿಮೋಗ್ಲೋಬಿನ್ ಒಂದಕ್ಕೇ ನನಗೆ ‘ಗ್ರಾಂ/ಡೆಸಿಲೀಟರ್’ ಎನ್ನುವುದರ ಏಳೆಂಟು ರೂಪ ಸಿಕ್ಕವು. ಸ್ಪೇಸ್ ಇದ್ದದ್ದು, ಇಲ್ಲದ್ದು, ದೊಡ್ಡಕ್ಷರ, ಸಣ್ಣಕ್ಷರ. ಜೊತೆಗೆ ನಮ್ಮ ಹಳೆಯ ಗೆಳೆಯ ‘ಗ್ರಾಂ ಪರ್ಸೆಂಟ್’. ಗ್ರಾಂ ಪರ್ಸೆಂಟ್ ಎಂದರೆ 100 ಮಿಲಿಲೀಟರ್‌ಗೆ ಇಷ್ಟು ಗ್ರಾಂ, ಅಂದರೆ ಡೆಸಿಲೀಟರ್‌ಗೆ ಇಷ್ಟು ಗ್ರಾಂ, ಎರಡೂ ಒಂದೇ. ಮಿಲಿಗ್ರಾಂ ಪರ್ಸೆಂಟ್ ಕೂಡ ಹಾಗೇ. ಇದನ್ನು ಶೇಕಡಾ ಎಂದು ತಿಳಿದು ಎಚ್‌ಬಿಎ1ಸಿಯ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇಕಡಾ ಜೊತೆ ಒಂದೇ ಗುಂಪಿಗೆ ಹಾಕಬೇಡಿ.

‘ಮೈಕ್ರೋ’ ಚಿಹ್ನೆ ಇನ್ನೊಂದು ಕಾಟ. ಯೂನಿಕೋಡ್‌ನಲ್ಲಿ ಮೈಕ್ರೋಗೆ ಒಂದು ಪ್ರತ್ಯೇಕ ಅಕ್ಷರವಿದೆ, ಗ್ರೀಕ್ ಅಕ್ಷರ ಮ್ಯೂ ಬೇರೆ ಇದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಯೂನಿಕೋಡ್‌ನ ಎನ್‌ಎಫ್‌ಕೆಸಿ ರೂಪಕ್ಕೆ ಬದಲಿಸಿದರೆ ಎರಡೂ ಗ್ರೀಕ್ ಮ್ಯೂ ಆಗುತ್ತವೆ. ಕಾಗುಣಿತ ಸರಿಮಾಡುವ ಮುಂಚೆ ಇದನ್ನು ಮಾಡಿ.

ಬರೆದ ರೂಪಗಳನ್ನೆಲ್ಲ ಒಂದೇ ರೂಪಕ್ಕೆ ತರಲು ಯೂಕಮ್ ಎಂಬ ಯೂನಿಟ್ ಸಂಕೇತ ಪದ್ಧತಿ ಇದೆ, ಅಮೆರಿಕದ ರೀಜೆನ್‌ಸ್ಟ್ರೀಫ್ ಸಂಸ್ಥೆಯದು. ಅದರಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಬೇರೆ ಅರ್ಥವಿದೆ. ಸಣ್ಣ ‘ಎಂ’ ಅಂದರೆ ಮಿಲಿ, ದೊಡ್ಡದಾದರೆ ಮೆಗಾ. ಒಂಟಿ ದೊಡ್ಡ ‘ಎಫ್’ ಅಂದರೆ ಫ್ಯಾರನ್‌ಹೀಟ್ ಅಲ್ಲ, ವಿದ್ಯುತ್ತಿನ ಫ್ಯಾರಡ್. ‘ಸಿ’ ಅಂದರೆ ಕೂಲಂಬ್. ಹಾಗಾಗಿ ನರ್ಸ್ ಬರೆದ ‘98.6 ಎಫ್’ ಅನ್ನು ಹಾಗೇ ಕೊಟ್ಟರೆ ರೋಗಿ ಕೆಪಾಸಿಟರ್ ಆಗುತ್ತಾನೆ. ಎಲ್ಲವನ್ನೂ ದೊಡ್ಡಕ್ಷರಕ್ಕೆ ತಿರುಗಿಸಿ ಹೋಲಿಸುವ ಸೋಮಾರಿ ಉಪಾಯ ಬೇಡ. ‘ನಮ್ಮ ಫೈಲಿನ ರೂಪ’, ‘ಸರಿಯಾದ ರೂಪ’ ಎಂಬ ಎರಡು ಕಾಲಂಗಳ ನಕ್ಷೆಯನ್ನು ಕೈಯಿಂದಲೇ ಬರೆಯಿರಿ. ನಕ್ಷೆಯಲ್ಲಿ ಇಲ್ಲದ ರೂಪ ಬಂದರೆ ಕೋಡ್ ನಿಲ್ಲಬೇಕು, ಊಹೆ ಮಾಡಿ ಮುಂದೆ ಹೋಗಬಾರದು.

ಹೆಜ್ಜೆ 3: ಬದಲಾವಣೆಯ ಕೋಷ್ಟಕ

ಕಿಲೋ, ಗ್ರಾಂ, ಫ್ಯಾರನ್‌ಹೀಟ್ ಬದಲಿಸಲು ಪಿಂಟ್‌ನಂಥ ಲೈಬ್ರರಿಗಳಿವೆ. ಆದರೆ ಮಿಲಿಗ್ರಾಂನಿಂದ ಮಿಲಿಮೋಲ್‌ಗೆ ಹೋಗುವುದು ಬೇರೆ ವಿಷಯ. ಮಿಲಿಗ್ರಾಂ ತೂಕ, ಮೋಲ್ ಎಣಿಕೆ. ಇಂಡಿ ತಾಲೂಕಿನ ನಿಂಬೆಹಣ್ಣು ನೂರು ಎಣಿಸಿ ತೂಗಿದರೆ ಒಂದು ತೂಕ, ತಿಕೋಟಾದ ದ್ರಾಕ್ಷಿ ನೂರು ಎಣಿಸಿ ತೂಗಿದರೆ ಇನ್ನೊಂದು ತೂಕ, ಅಲ್ವಾ? ಹಾಗೇ ಗ್ಲೂಕೋಸ್‌ಗೆ ಒಂದು ಗುಣಕ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್‌ಗೆ ಇನ್ನೊಂದು. ಗ್ಲೂಕೋಸ್‌ನ ಅಣುತೂಕ 180.16, ಅದಕ್ಕೇ ಅದರ ಗುಣಕ ಸುಮಾರು 18. ಎಲ್ಲ ಪರೀಕ್ಷೆಗೂ ಒಂದೇ ಫಂಕ್ಷನ್ ಬರೆಯಲು ಹೋಗಬೇಡಿ, ಕೋಷ್ಟಕ ಮಾಡಿ. ನಾನು ಇಟ್ಟುಕೊಂಡದ್ದರ ಒಂದು ಭಾಗ:

ಗ್ಲೂಕೋಸ್: ಮಿಲಿಮೋಲ್/ಲೀಟರ್ × 18.016 = ಮಿಲಿಗ್ರಾಂ/ಡೆಸಿಲೀಟರ್
ಕ್ರಿಯಾಟಿನಿನ್: ಮೈಕ್ರೋಮೋಲ್/ಲೀಟರ್ ÷ 88.4 = ಮಿಲಿಗ್ರಾಂ/ಡೆಸಿಲೀಟರ್
ಕೊಲೆಸ್ಟ್ರಾಲ್: ಮಿಲಿಮೋಲ್/ಲೀಟರ್ × 38.67 = ಮಿಲಿಗ್ರಾಂ/ಡೆಸಿಲೀಟರ್
ಟ್ರೈಗ್ಲಿಸರೈಡ್: ಮಿಲಿಮೋಲ್/ಲೀಟರ್ × 88.57 = ಮಿಲಿಗ್ರಾಂ/ಡೆಸಿಲೀಟರ್
ಬಿಲಿರುಬಿನ್: ಮೈಕ್ರೋಮೋಲ್/ಲೀಟರ್ ÷ 17.1 = ಮಿಲಿಗ್ರಾಂ/ಡೆಸಿಲೀಟರ್
ಹಿಮೋಗ್ಲೋಬಿನ್: ಗ್ರಾಂ/ಲೀಟರ್ ÷ 10 = ಗ್ರಾಂ/ಡೆಸಿಲೀಟರ್
ಪ್ಲೇಟ್‌ಲೆಟ್: ಲಕ್ಷ × 100 = ಸಾವಿರ
ಎಚ್‌ಬಿಎ1ಸಿ: (ಮಿಲಿಮೋಲ್/ಮೋಲ್ × 0.09148) + 2.152 = ಶೇಕಡಾ

ಕೊನೆಯದನ್ನು ನೋಡಿ. ಅಲ್ಲಿ ಬರೀ ಗುಣಾಕಾರ ಸಾಲದು, ಕೂಡಬೇಕು ಕೂಡ. 53 ಹಾಕಿದರೆ 7.0 ಬರಬೇಕು. ಫ್ಯಾರನ್‌ಹೀಟ್ ಕೂಡ ಇದೇ ಜಾತಿ. ಆದ್ದರಿಂದ ಕೋಷ್ಟಕದಲ್ಲಿ ‘ಗುಣಿಸು’, ‘ಕೂಡು’ ಎಂಬ ಎರಡು ಕಾಲಂ ಮೊದಲಿನಿಂದಲೇ ಇರಲಿ. ಬರೀ ಗುಣಿಸುವ ಕೋಡ್ ಬರೆದು ಆಮೇಲೆ ತೇಪೆ ಹಚ್ಚುವುದು ಕಷ್ಟ.

ಕೋಷ್ಟಕ ಸರಿಯಿದೆಯೇ ಎಂದು ಪರೀಕ್ಷಿಸಲು ಒಳ್ಳೆಯ ದಾರಿ ಇದೆ. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ನಡೆಸುವ ಎನ್‌ಹೇನ್ಸ್ ಆರೋಗ್ಯ ಸಮೀಕ್ಷೆಯ ಫೈಲ್‌ಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಗ್ಲೂಕೋಸ್, ಕೊಲೆಸ್ಟ್ರಾಲ್‌ನಂಥ ಪರೀಕ್ಷೆಗಳ ಫಲಿತಾಂಶ ಎರಡೂ ಯೂನಿಟ್‌ಗಳಲ್ಲಿ ಅಕ್ಕಪಕ್ಕದ ಕಾಲಂಗಳಲ್ಲಿದೆ. ಒಂದನ್ನು ನಿಮ್ಮ ಕೋಡ್‌ಗೆ ಕೊಡಿ, ಉತ್ತರವನ್ನು ಇನ್ನೊಂದರ ಜೊತೆ ಹೋಲಿಸಿ. ಪೂರ್ಣಾಂಕ ಮಾಡುವಾಗಿನ ಚಿಕ್ಕ ವ್ಯತ್ಯಾಸ ಬಿಟ್ಟರೆ ಸರಿಹೊಂದಬೇಕು.

ಹೆಜ್ಜೆ 4: ಯೂನಿಟ್ ಒಂದೇ, ವಸ್ತು ಬೇರೆ

ನಮ್ಮ ಅಜ್ಜಿಯ ‘ಐದು ತೊಲ’ ಅಂದರೆ 58 ಗ್ರಾಂಗೂ ಸ್ವಲ್ಪ ಜಾಸ್ತಿ, ಯಾಕೆಂದರೆ ಹಳೆಯ ತೊಲ 11.66 ಗ್ರಾಂ. ಈಗ ಸರಾಫ ಬಜಾರಿನಲ್ಲಿ ಒಂದು ತೊಲ ಅಂದರೆ 10 ಗ್ರಾಂ ಎಂದೇ ಮಾತು. ಹೆಸರು ಒಂದೇ, ಅಳತೆ ಬೇರೆ. ಲ್ಯಾಬ್‌ನಲ್ಲೂ ಹೀಗಾಗುತ್ತದೆ, ಇದನ್ನು ಯಾವ ಯೂನಿಟ್ ಲೈಬ್ರರಿಯೂ ಹಿಡಿಯುವುದಿಲ್ಲ.

ನಮ್ಮಲ್ಲಿ ‘ಬ್ಲಡ್ ಯೂರಿಯಾ’ ವರದಿಯಾಗುತ್ತದೆ. ಅಮೆರಿಕದ ಡೇಟಾದಲ್ಲಿ ‘ಬಿಯುಎನ್’, ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಎರಡಕ್ಕೂ ಯೂನಿಟ್ ಮಿಲಿಗ್ರಾಂ/ಡೆಸಿಲೀಟರ್. ಆದರೆ ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಯೂನಿಟ್ ಒಂದೇ ಇದೆ ಎಂದು ಬೆರೆಸಿದರೆ ನಮ್ಮ ಕಡೆಯ ಜನರ ಕಿಡ್ನಿಯೆಲ್ಲ ಹಾಳಾದಂತೆ ಕಾಣುತ್ತದೆ. ರಕ್ತ ಹೆಪ್ಪುಗಟ್ಟಿದೆಯೇ ನೋಡುವ ಡಿ-ಡೈಮರ್ ಇನ್ನೂ ಕೆಟ್ಟದ್ದು: ಎಫ್‌ಇಯು, ಡಿಡಿಯು ಎಂಬ ಎರಡು ಲೆಕ್ಕ, ಒಂದು ಇನ್ನೊಂದರ ಸುಮಾರು ಎರಡು ಪಟ್ಟು, ಮೇಲೆ ನ್ಯಾನೋಗ್ರಾಂ ಮೈಕ್ರೋಗ್ರಾಂ ಗೊಂದಲ ಬೇರೆ. ರಕ್ತದಲ್ಲಿ ಕೊಬ್ಬು ಹೊರುವ ಕಣವಾದ ಲೈಪೋಪ್ರೋಟೀನ್-ಎಗೆ ಮಿಲಿಗ್ರಾಂ ಮತ್ತು ನ್ಯಾನೋಮೋಲ್ ನಡುವೆ ನಿಗದಿತ ಗುಣಕವೇ ಇಲ್ಲ, ಕಣದ ಗಾತ್ರ ಮನುಷ್ಯನಿಂದ ಮನುಷ್ಯನಿಗೆ ಬದಲಾಗುತ್ತದೆ. ಅಂಥದ್ದನ್ನು ಬದಲಿಸಲೇ ಬೇಡಿ, ಎರಡು ಕಾಲಂ ಇಡಿ.

ಇದಕ್ಕೆ ಮದ್ದು: ಕೋಷ್ಟಕದ ಕೀಲಿ ಬರೀ ‘ಯೂನಿಟ್’ ಆಗಬಾರದು, ‘ಪರೀಕ್ಷೆ + ಯೂನಿಟ್’ ಆಗಬೇಕು. ಲಾಯಿಂಕ್ ಕೋಡ್ (ಪ್ರತಿ ಲ್ಯಾಬ್ ಪರೀಕ್ಷೆಗೂ ಒಂದು ನಿಗದಿತ ನಂಬರ್ ಕೊಡುವ ಪದ್ಧತಿ) ಕೊಡುವ ಲ್ಯಾಬ್ ಆಗಿದ್ದರೆ ಕೆಲಸ ಹಗುರ. ಗ್ಲೂಕೋಸ್ ತೂಕದಲ್ಲಿ ಅಳೆದರೆ 2345-7, ಮೋಲ್‌ನಲ್ಲಿ ಅಳೆದರೆ 14749-6, ಎರಡಕ್ಕೂ ಬೇರೆ ಬೇರೆ ನಂಬರ್.

ಹೆಜ್ಜೆ 5: ಯೂನಿಟ್ ಕಾಲಂ ಖಾಲಿ ಇದ್ದಾಗ

ಇದೇ ಹೆಚ್ಚು ಹೊತ್ತು ತಿನ್ನುವ ಭಾಗ.

ಮೊದಲು ನಾರ್ಮಲ್ ರೇಂಜ್ ಕಾಲಂ ಇದೆಯೇ ನೋಡಿ. ಯೂನಿಟ್ ಬರೆಯಲು ಮರೆತವರೂ ವರದಿಯಲ್ಲಿ ರೇಂಜ್ ಹಾಕಿರುತ್ತಾರೆ. ಕ್ರಿಯಾಟಿನಿನ್ ಪಕ್ಕ 0.6–1.2 ಇದ್ದರೆ ಮಿಲಿಗ್ರಾಂ, 53–106 ಇದ್ದರೆ ಮೈಕ್ರೋಮೋಲ್. ನನ್ನ ಖಾಲಿ ಸಾಲುಗಳಲ್ಲಿ ದೊಡ್ಡ ಪಾಲು ಇಲ್ಲೇ ಬಗೆಹರಿಯಿತು.

ಅದೂ ಇಲ್ಲದಿದ್ದರೆ ಗುಂಪಿನ ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆಯಿರಿ:

ಪ್ರತಿ (ಪರೀಕ್ಷೆ, ಲ್ಯಾಬ್, ತಿಂಗಳು) ಗುಂಪಿಗೆ:
ಅನುಪಾತ = ಈ ಗುಂಪಿನ ಮಧ್ಯಾಂಕ ÷ ಯೂನಿಟ್ ಖಾತ್ರಿಯಿರುವ ಗುಂಪುಗಳ ಮಧ್ಯಾಂಕ
ಅನುಪಾತ 1ರ ಹತ್ತಿರವಿದ್ದರೆ: ಅದೇ ಯೂನಿಟ್ ಇರಬಹುದು
ಅನುಪಾತ ಕೋಷ್ಟಕದ ಯಾವುದಾದರೂ ಗುಣಕದ (ಅಥವಾ 1 ÷ ಗುಣಕದ) ಹತ್ತಿರವಿದ್ದರೆ: ಆ ಯೂನಿಟ್ ಇರಬಹುದು
ಎರಡೂ ಅಲ್ಲದಿದ್ದರೆ: ‘ಕೇಳಬೇಕು’ ಪಟ್ಟಿಗೆ ಹಾಕು

ಕ್ರಿಯಾಟಿನಿನ್‌ನ ಒಂದು ಗುಂಪಿನ ಮಧ್ಯಾಂಕ 0.9, ಇನ್ನೊಂದರದ್ದು 80 ಬಂದರೆ ಅನುಪಾತ 89ರ ಹತ್ತಿರ. ಕೋಷ್ಟಕದಲ್ಲಿ 88.4 ಇದೆ. ಕಳ್ಳ ಸಿಕ್ಕ. ಜೊತೆಗೆ ಲಾಗ್ ಅಳತೆಯಲ್ಲಿ (1, 10, 100 ಸಮಾನ ದೂರದಲ್ಲಿ ಬರುವ ಹಾಗೆ) ಹಿಸ್ಟೋಗ್ರಾಂ ಎಳೆಯಿರಿ. ಎರಡು ಯೂನಿಟ್ ಬೆರೆತಿದ್ದರೆ ಒಂಟೆಯ ಬೆನ್ನಿನ ಹಾಗೆ ಎರಡು ಡುಬ್ಬ ಕಾಣುತ್ತವೆ. ಮಾಮೂಲಿ ಅಳತೆಯಲ್ಲಿ ಎಳೆದರೆ ಚಿಕ್ಕ ಡುಬ್ಬ ಸೊನ್ನೆಯ ಗೋಡೆಗೆ ಅಂಟಿಕೊಂಡು ಕಾಣುವುದೇ ಇಲ್ಲ.

‘ತಿಂಗಳು’ ಯಾಕೆ ಅಂದರೆ, ಲ್ಯಾಬ್‌ಗಳು ವರ್ಷದ ನಡುವೆ ಮಷಿನ್ ಬದಲಿಸುತ್ತವೆ. ಇಡೀ ವರ್ಷದ ಒಂದೇ ಮಧ್ಯಾಂಕ ತೆಗೆದರೆ ಆ ಬದಲಾವಣೆ ಅದರಲ್ಲಿ ಮುಚ್ಚಿಹೋಗುತ್ತದೆ.

ಈ ಉಪಾಯ ಎಲ್ಲ ಪರೀಕ್ಷೆಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಮೈ ತಾಪಮಾನ, ಎಚ್‌ಬಿಎ1ಸಿ ಇವೆಲ್ಲ ಸಭ್ಯರು. ಎರಡು ಯೂನಿಟ್‌ಗಳ ಅಂಕಿಗಳ ನಡುವೆ ಸಾಕಷ್ಟು ಖಾಲಿ ಜಾಗವಿದೆ. ಗ್ಲೂಕೋಸ್ ಹಾಗಲ್ಲ. 25 ಎಂಬ ಅಂಕಿ ಮಿಲಿಗ್ರಾಂ ಆದರೆ ರೋಗಿ ಸಕ್ಕರೆ ಇಳಿದು ಎಚ್ಚರ ತಪ್ಪುವ ಸ್ಥಿತಿ. ಮಿಲಿಮೋಲ್ ಆದರೆ 450, ಸಕ್ಕರೆ ಏರಿ ಅಪಾಯದ ಸ್ಥಿತಿ. ಎರಡೂ ಸಾಧ್ಯ, ಎರಡೂ ತುರ್ತು, ಚಿಕಿತ್ಸೆ ಮಾತ್ರ ತದ್ವಿರುದ್ಧ. ‘30ಕ್ಕಿಂತ ಕಡಿಮೆ ಇದ್ದರೆ 18ರಿಂದ ಗುಣಿಸು’ ಎಂಬ ಒಂದು ಸಾಲಿನ ಕೋಡ್ ಅನೇಕರ ಕಂಪ್ಯೂಟರಿನಲ್ಲಿ ಕೂತಿದೆ. ದಯವಿಟ್ಟು ಅದನ್ನು ಅಳಿಸಿ. ಯೂರಿಯಾ 15 ಕೂಡ ಅಷ್ಟೇ: ಮಿಲಿಗ್ರಾಂ ಆದರೆ ಚೆನ್ನಾಗಿದೆ, ಮಿಲಿಮೋಲ್ ಆದರೆ ಅದು 90. ತೂಕ ಕೆಜಿಯೋ ಪೌಂಡೋ ಎಂಬುದನ್ನಂತೂ ಒಂದು ಅಂಕಿಯಿಂದ ಯಾವ ಜಾಣನೂ ಹೇಳಲಾರ.

ಹೆಜ್ಜೆ 6: ಫೋನ್ ಮಾಡಿ

‘ಕೇಳಬೇಕು’ ಪಟ್ಟಿಯನ್ನು ಲ್ಯಾಬ್ ಪ್ರಕಾರ ಗುಂಪು ಮಾಡಿ, ಒಂದೇ ಫೋನ್‌ನಲ್ಲಿ ಎಲ್ಲ ಕೇಳಿ. ಮಧ್ಯಾಹ್ನದ ನಂತರ ಮಾಡಿ, ಬೆಳಗ್ಗೆ ಖಾಲಿ ಹೊಟ್ಟೆಯ ರಕ್ತ ಕೊಡುವವರ ಗದ್ದಲ ಇರುತ್ತದೆ. ಒಂದು ಲ್ಯಾಬಿನ ಪ್ಲೇಟ್‌ಲೆಟ್ ಸೆಪ್ಟೆಂಬರ್‌ವರೆಗೆ 2.3, 1.9 ಇದ್ದದ್ದು ಅಕ್ಟೋಬರ್‌ನಿಂದ 230, 190 ಆಗಿತ್ತು. ಅನುಪಾತ ಸರಿಯಾಗಿ 100. ಕೇಳಿದೆ.

“ಹೌದ್ರಿ ಮೇಡಂ, ಗಣಪತಿ ಹಬ್ಬ ಆದ ಮ್ಯಾಲ ಹೊಸಾ ಮಷಿನ್ ಬಂತ್ರಿ. ಹಳೇದು ಲಕ್ಷದಾಗ ಕೊಡ್ತಿತ್ತು, ಇದು ಸಾವಿರದಾಗ ಕೊಡ್ತೈತಿ.”

“ಮತ್ತ ಯಾರಿಗೂ ಹೇಳಲಿಲ್ಲೇನ್ರಿ?”

“ಯಾರೂ ಕೇಳಲಿಲ್ಲರೀ.”

ಎರಡು ದಿನ ಹಿಸ್ಟೋಗ್ರಾಂ ನೋಡಿ ನಾನು ಕಂಡುಹಿಡಿದದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು. ಅಂದಿನಿಂದ ಫೈಲ್ ಕೇಳುವಾಗಲೇ ‘ಮಷಿನ್ ಯಾವಾಗ ಬದಲಾಯಿತು’ ಎಂದೂ ಕೇಳುತ್ತೇನೆ.

ಕೇಳಿದ ಉತ್ತರವನ್ನು ದಿನಾಂಕದ ಸಮೇತ ಒಂದು ಫೈಲಿನಲ್ಲಿ ಬರೆದಿಡಿ. ಕೋಡ್ ಆ ಫೈಲನ್ನು ಓದಿ ಯೂನಿಟ್ ತುಂಬಲಿ. ಕೋಡ್‌ನೊಳಗೇ ‘ಅಕ್ಟೋಬರ್ ನಂತರ ಸಾವಿರ’ ಎಂದು ಬರೆದರೆ ಆರು ತಿಂಗಳ ಮೇಲೆ ಯಾಕೆ ಬರೆದದ್ದು ಅಂತ ನಿಮಗೇ ನೆನಪಿರುವುದಿಲ್ಲ.

ಹೆಜ್ಜೆ 7: ಬದಲಿಸುವುದು

ಇಲ್ಲಿ ನನ್ನದೇ ಪೆದ್ದತನ ಹೇಳುತ್ತೇನೆ. ಮೊದಲ ಸಲ ಗ್ಲೂಕೋಸ್ ಕಾಲಂನಲ್ಲೇ ನೇರವಾಗಿ 18.016ರಿಂದ ಗುಣಿಸಿದೆ. ನಡುವೆ ಕರೆಂಟ್ ಹೋಯಿತು, ಬಂದ ಮೇಲೆ ಕೋಡ್ ಮತ್ತೆ ಓಡಿಸಿದೆ. ಸೇವ್ ಆಗಿದ್ದ ಫೈಲ್ ಮೇಲೇ ಓಡಿತು. 5.5 ಇದ್ದವನಿಗೆ 99 ಬರಬೇಕಿತ್ತು, 1,785 ಬಂತು. ಅಷ್ಟು ದೊಡ್ಡದು ಬಂದದ್ದು ಪುಣ್ಯ, ಕಣ್ಣಿಗೆ ಹೊಡೆಯಿತು. ಗುಣಕ 2.14ರಂಥ ಚಿಕ್ಕದಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮೂಲ ಅಂಕಿ, ಮೂಲ ಯೂನಿಟ್ ಇರುವ ಕಾಲಂಗಳನ್ನು ಮುಟ್ಟಬೇಡಿ. ಪಕ್ಕದಲ್ಲಿ ಹೊಸ ಅಂಕಿ, ಹೊಸ ಯೂನಿಟ್, ಮತ್ತು ‘ಯಾಕೆ’ ಎಂಬ ಕಾಲಂ ಮಾಡಿ. ‘ಯಾಕೆ’ಯಲ್ಲಿ ಚಿಕ್ಕ ಮಾತು ಸಾಕು: ‘ಬರೆದಿತ್ತು’, ‘ರೇಂಜ್‌ನಿಂದ’, ‘ಮಧ್ಯಾಂಕದಿಂದ’, ‘ಫೋನ್’. ಹಿಮೋಗ್ಲೋಬಿನ್ 125 ಸಿಕ್ಕರೆ ಇದರ ಬೆಲೆ ತಿಳಿಯುತ್ತದೆ. ಅದು ಗ್ರಾಂ/ಲೀಟರ್ ಇರಬಹುದು, 12.5ರ ಚುಕ್ಕಿ ಬಿದ್ದುಹೋಗಿರಬಹುದು. ಉತ್ತರ ಎರಡಕ್ಕೂ 12.5. ಆದರೆ ಮೊದಲನೆಯದು ಲ್ಯಾಬಿನ ಪದ್ಧತಿ, ಎರಡನೆಯದು ಟೈಪ್ ಮಾಡಿದವರ ಕೈತಪ್ಪು. ಚುಕ್ಕಿ ಬೀಳಿಸುವ ಕೈ ಬೇರೆ ಕಾಲಂಗಳಲ್ಲೂ ಬೀಳಿಸಿರುತ್ತದೆ, ಹುಡುಕಿ.

ಹೆಜ್ಜೆ 8: ಬದಲಿಸಿದ ಮೇಲೆ ತಾಳೆ

ಪ್ರತಿ ಪರೀಕ್ಷೆಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇಡಿ. ಇದು ನಾರ್ಮಲ್ ರೇಂಜ್ ಅಲ್ಲ. ನಾರ್ಮಲ್ ರೇಂಜ್ ಇಟ್ಟು ಹೊರಗಿನವರನ್ನೆಲ್ಲ ತೆಗೆದರೆ ರೋಗಿಗಳೇ ಹೊರಗೆ ಹೋಗುತ್ತಾರೆ. ಹಿಮೋಗ್ಲೋಬಿನ್ 4 ಇರುವ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುತ್ತಾರೆ, ಅದು ಡೇಟಾದ ತಪ್ಪಲ್ಲ. ಮನುಷ್ಯನ ಮೈಯಲ್ಲಿ ಇರಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಮಿತಿಗಳನ್ನು ಒಬ್ಬ ವೈದ್ಯರ ಜೊತೆ ಕೂತು ಬರೆಯಿರಿ, ಒಂದು ಗಂಟೆಯ ಕೆಲಸ.

ಅದಕ್ಕಿಂತ ನನಗೆ ಇಷ್ಟವಾದದ್ದು ಒಂದೇ ರೋಗಿಯ ಎರಡು ಅಂಕಿಗಳನ್ನು ತಾಳೆ ನೋಡುವುದು. ಹಿಮೋಗ್ಲೋಬಿನ್‌ನ ಮೂರು ಪಟ್ಟು ಸರಿಸುಮಾರು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು): 12 ಇದ್ದರೆ 36. ಇದು 120ಕ್ಕೆ 36 ಎಂದು ಬಂದರೆ ಯೂನಿಟ್ ಕೆಟ್ಟಿದೆ. ಡೈರೆಕ್ಟ್ ಬಿಲಿರುಬಿನ್ ಒಟ್ಟು ಬಿಲಿರುಬಿನ್‌ನ ಒಂದು ಭಾಗ, ಅದಕ್ಕಿಂತ ಜಾಸ್ತಿ ಇರಲಾರದು. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಗ್ಲೂಕೋಸ್‌ನ ಅಂದಾಜು ಸಿಗುತ್ತದೆ: 7ಕ್ಕೆ 154. ಒಬ್ಬೊಬ್ಬರಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ಒಂದು ಲ್ಯಾಬಿನ ಎಲ್ಲರಲ್ಲೂ 18 ಪಟ್ಟು ವ್ಯತ್ಯಾಸ ಬಂದರೆ ಅದು ರೋಗವಲ್ಲ.

ಕೊನೆಗೆ ಹೆಜ್ಜೆ 5ರ ಮಧ್ಯಾಂಕದ ಕೋಡನ್ನೇ ಹೊಸ ಕಾಲಂ ಮೇಲೆ ಮತ್ತೆ ಓಡಿಸಿ. ಈಗ ಎಲ್ಲ ಅನುಪಾತಗಳೂ 1ರ ಸುತ್ತಮುತ್ತ ಬರಬೇಕು. ಬಾರದ ಗುಂಪು ಮತ್ತೆ ‘ಕೇಳಬೇಕು’ ಪಟ್ಟಿಗೆ. ಡಯಾಲಿಸಿಸ್ ಕೇಂದ್ರದ ಕ್ರಿಯಾಟಿನಿನ್ ಸಹಜವಾಗಿಯೇ ಹೆಚ್ಚಿರುತ್ತದೆ, ಹಾಗಾಗಿ ಕೇಳದೆ ತಿದ್ದಬೇಡಿ.

ಇಷ್ಟನ್ನೂ ಒಂದು ಪರೀಕ್ಷಾ ಕೋಡ್ ಆಗಿ ಇಟ್ಟು, ಹೊಸ ತಿಂಗಳ ಫೈಲ್ ಬಂದ ಕೂಡಲೇ ತಾನಾಗಿ ಓಡುವ ಹಾಗೆ ಮಾಡಿಕೊಳ್ಳಿ. ಹೊಸ ಕಾಗುಣಿತ, ಮಿತಿ ಮೀರಿದ ಅಂಕಿ, ಜಿಗಿದ ಮಧ್ಯಾಂಕ, ಈ ಮೂರರಲ್ಲಿ ಯಾವುದು ಕಂಡರೂ ನಿಲ್ಲಬೇಕು. ನನ್ನಲ್ಲಿ ಕೊನೆಗೂ ಬಗೆಹರಿಯದ ಕೆಲವು ಗ್ಲೂಕೋಸ್ ಸಾಲುಗಳು ಉಳಿದವು. ಆ ಲ್ಯಾಬ್ ಮುಚ್ಚಿಹೋಗಿತ್ತು, ಫೋನ್ ಎತ್ತುವವರಿರಲಿಲ್ಲ. ಹೊಸ ಕಾಲಂನಲ್ಲಿ ಅವುಗಳನ್ನು ಖಾಲಿ ಬಿಟ್ಟು, ‘ಯಾಕೆ’ಯಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ.